ನಾನು ಮಗ್ಗ ಕಲಿತ ಆರು ತಿಂಗಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸನ್ಯಾಸದ ವ್ರತ ತೊಟ್ಟು ನಲವತ್ತು ವರ್ಷ ದಾಟಿದರೂ ಅದೊಂದು ನನ್ನನ್ನು ಬಿಟ್ಟು ಹೋಗಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂದು ಮೂರು ವ್ರತ ಕೊಡಿಸಿದವರು ತಾಳ್ಮೆಯನ್ನೂ ನಾಲ್ಕನೆಯದಾಗಿ ಸೇರಿಸಿದ್ದರೆ ನಾನು ಮೊದಲ ವರ್ಷವೇ ಟ್ರಂಕು ಹಿಡಿದು ಊರಿಗೆ ವಾಪಸಾಗಿರುತ್ತಿದ್ದೆ. ಈ ಸಿಟ್ಟಿನಿಂದಾಗಿ ಇಳಕಲ್ಲಿನ ನೇಕಾರರ ಓಣಿಯೊಂದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ತಿದ್ದಿಕೊಳ್ಳಲು ಹೋಗಿ ಅರವತ್ತಮೂರನೆಯ ವಯಸ್ಸಿನಲ್ಲಿ ಮಗ್ಗದ ಕೆಲಸ ಕಲಿತೆ.

ನಾನು ಕರಾವಳಿಯವಳು. ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಬಂದದ್ದು. ಮೊದಲು ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡಿದ್ದೆ. ಹನ್ನೆರಡು ವರ್ಷದಿಂದ ಇಳಕಲ್ಲಿನಲ್ಲಿದ್ದೇನೆ. ಇಲ್ಲಿ ನಾವು ಮೂವರು ಸಿಸ್ಟರುಗಳು. ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಾರೆ, ನಾನು ನರ್ಸ್. ಮನೆಯ ಮುಂದಿನ ಒಂದು ಕೋಣೆಯೇ ನನ್ನ ದವಾಖಾನೆ. ಅಲ್ಲಿ ಗಾಯ ಕಟ್ಟುವುದು, ಬಿ.ಪಿ. ನೋಡುವುದು, ದೊಡ್ಡ ಆಸ್ಪತ್ರೆಗೆ ಯಾರು ಹೋಗಬೇಕೆಂದು ಬೈದು ಕಳಿಸುವುದು ಇಷ್ಟು ಕೆಲಸ. ಇದರ ಜೊತೆಗೆ ಟಿ.ಬಿ. ಇದ್ದವರಿಗೆ ಆರು ತಿಂಗಳು ದಿನಾ ಸರ್ಕಾರದ ಗುಳಿಗೆ ನುಂಗಿಸುವ ಜವಾಬ್ದಾರಿಯೂ ನನ್ನದೇ. ಗುಳಿಗೆ ಕೊಡುವುದಲ್ಲ, ನುಂಗಿಸುವುದು. ಎರಡನೆಯ ತಿಂಗಳಿಗೆ ಕೆಮ್ಮು ನಿಂತಿತು ಎಂದು ಗುಳಿಗೆ ಬಿಟ್ಟವರ ಮಣ್ಣಿಗೆ ನಾನು ಹೋಗಿ ನಿಂತಿದ್ದೇನೆ. ಅದಕ್ಕೇ ನನ್ನ ಕಣ್ಣೆದುರಿಗೆ ಗಂಟಲಿನಿಂದ ಕೆಳಗಿಳಿಯುವವರೆಗೆ ನನಗೆ ಸಮಾಧಾನವಿಲ್ಲ.

ಆ ನೇಕಾರರ ಓಣಿಯ ಒಬ್ಬ ಹೆಂಗಸಿಗೆ ಈ ರೋಗವಿದೆಯೆಂದು ಗೊತ್ತಾದ ವಾರವೇ ಆಕೆ ಎರಡು ದಿನ ಗುಳಿಗೆಗೆ ಬರಲಿಲ್ಲ. ಮೂರನೆಯ ದಿನ ನಾನು ಬಿಳಿ ಸೀರೆ ಉಟ್ಟು, ಸ್ಕೂಟರ್ ಏರಿ, ಅವರ ಬಾಗಿಲಿಗೇ ಹೋದೆ. ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತು ನೂಲು ಸುತ್ತುತ್ತಿದ್ದರು. ಅವರನ್ನು ನೋಡಿಯೂ ನೋಡದವಳಂತೆ, ಗುಳಿಗೆ ತಪ್ಪಿಸಬಾರದು ಎಂದು ಎಷ್ಟು ಸಲ ಹೇಳಬೇಕು ಎಂದು ನನ್ನ ಪುಸ್ತಕದ ಕನ್ನಡದಲ್ಲಿ ಬಾಗಿಲಲ್ಲೇ ನಿಂತು ಕೂಗಾಡಿದೆ. ನಾನು ಯಾವ ರೋಗದವರ ಮನೆಗೆ ಹೋಗುವವಳೆಂದು ಊರಿಗೆಲ್ಲ ಗೊತ್ತು. ನೂಲು ಸುತ್ತುವ ಕೈಗಳೆಲ್ಲ ನಿಂತುಬಿಟ್ಟವು. ಆಕೆ ಹೊರಗೆ ಬಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಮ್ಮ ಮನ್ಯಾಗ ಯಾರಿಗೂ ಗುಳಿಗಿ ಇಲ್ರಿ ಅಕ್ಕಾರ," ಎಂದಳು. "ಮನಿ ತಪ್ಪಿ ಬಂದೀರಿ."

ನನಗೆ ತಡವಾಗಿಯಾದರೂ ಅರ್ಥವಾಯಿತು. ಕ್ಷಮಿಸಿ, ಓಣಿ ತಪ್ಪಿತು ಎಂದು ಹೇಳಿ ಸ್ಕೂಟರ್ ತಿರುಗಿಸಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಮರುದಿನ ಆಕೆಯೇ ದವಾಖಾನೆಗೆ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಎಲ್ಲರೂ ಹೋಗುವವರೆಗೆ ಕಾದು, ದೊಡ್ಡ ಆಸ್ಪತ್ರೆಯವರು ಮೊದಲ ದಿನ ಕೈಗೆ ಕೊಟ್ಟಿದ್ದ ಗುಳಿಗೆಯ ಪಟ್ಟಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ವಾಪಸು ತಗೊಳ್ಳಿ ಎಂದಳು. ಮಗಳಿಗೆ ಹುನಗುಂದದ ವರ ಗೊತ್ತಾಗಿತ್ತು. ಒಳ್ಳೆಯ ಮನೆ, ಹುಡುಗ ಶಾಲೆಯಲ್ಲಿ ಮಾಸ್ತರ. ಆರು ತಿಂಗಳ ಮೇಲೆ ಒಂದು ವಾರಕ್ಕೆ ಲಗ್ನ. ತಾಯಿಗೆ ಆ ರೋಗ ಎಂದು ಯಾರಾದರೂ ಹುನಗುಂದಕ್ಕೆ ಮುಟ್ಟಿಸಿದರೆ ಬೀಗರು ಎಲೆ ಅಡಿಕೆ ಹಿಂದಕ್ಕೆ ಕಳಿಸುತ್ತಾರೆ ಎಂಬುದು ಆಕೆಯ ಹೆದರಿಕೆ. ಅದು ಸುಳ್ಳು ಹೆದರಿಕೆ ಎಂದು ನಾನು ಹೇಳಲಾರದೆ ಹೋದೆ. ಹಾಗೆ ಮುರಿದ ಎರಡು ಸಂಬಂಧ ನಾನೇ ನೋಡಿದ್ದೆ.

"ನಾ ಸತ್ರೂ ಚಿಂತಿಲ್ರಿ," ಎಂದಳು. "ನನ್ನ ಮಗಳ ಲಗ್ನ ನಿಂದರಬಾರ್ದು."

ಸತ್ತರೆ ಲಗ್ನ ಒಂದು ವರ್ಷ ಮುಂದೆ ಹೋಗುತ್ತದಲ್ಲ, ಅದು ಪರವಾಗಿಲ್ಲವೇ ಎಂದು ಕೇಳಿದೆ. ಆಕೆ ಮೊದಲ ಸಲ ನನ್ನ ಮುಖ ನೋಡಿದಳು. ಇಲ್ಲಿಗೆ ದಿನಾ ಬಂದರೆ ಓಣಿಗೆ ಗೊತ್ತಾಗುತ್ತದೆ, ನಾನು ಅಲ್ಲಿಗೆ ದಿನಾ ಹೋದರೂ ಗೊತ್ತಾಗುತ್ತದೆ. ಗುಳಿಗೆ ಅವಳ ಕೈಗೇ ಕೊಟ್ಟು ಕಳಿಸಲು ನನಗೆ ಧೈರ್ಯವಿಲ್ಲ. ಕಡೆಗೆ ಆಕೆಯೇ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಬರುವುದಾದರೆ ಏನಾದರೂ ಕೆಲಸ ಇಟ್ಟುಕೊಂಡು ಬರಬೇಕು, ಬರಿಗೈಯಲ್ಲಿ ಬರಬಾರದು ಎಂದಳು. ಎಂಥ ಕೆಲಸ ಎಂದೆ. "ಮಗ್ಗ ಕಲೀತೀರೇನ್ರಿ?" ಎಂದು ಕೇಳಿದಳು.

ಹೀಗೆ ನಾನು ವಿದ್ಯಾರ್ಥಿನಿಯಾದೆ. ಮೊದಲ ಹದಿನೈದು ದಿನ ಆಕೆಯನ್ನು ಹಿತ್ತಲಲ್ಲೇ ಕೂರಿಸಿ, ಬೇರೆ ಮಲಗಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಸಿದೆ. ಲಗ್ನದ ಜವಳಿಗೆಂದು ಹೇಳಿ ಗಂಡನನ್ನೂ ಮಗಳನ್ನೂ ಬಾಗಲಕೋಟೆಗೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದೆ. ಇಬ್ಬರಿಗೂ ಏನೂ ಇರಲಿಲ್ಲ. ಅಂದು ನಿಜವಾಗಿಯೂ ಎರಡು ಕುಪ್ಪಸದ ಬಟ್ಟೆ ಕೊಂಡು ಬಂದೆವು, ಇಲ್ಲವಾದರೆ ಓಣಿಯವರಿಗೆ ತೋರಿಸುವುದೇನು?

ದಿನಾ ಬೆಳಿಗ್ಗೆ ಏಳಕ್ಕೆ ನಾನು ಅಲ್ಲಿರುತ್ತಿದ್ದೆ. ಆಕೆ ಮಿಂದು, ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದಳು. ಪೂಜೆ ಮುಗಿಯದೆ ಬಾಯಿಗೆ ನೀರೂ ಇಲ್ಲ. ಗುಳಿಗೆಯೂ ಬರಿಹೊಟ್ಟೆಗೇ ಆಗಬೇಕಾದ್ದರಿಂದ ಅವಳ ನೇಮವೂ ನನ್ನ ನೇಮವೂ ಕೂಡಿಬಂದವು. ಅವಳ ಪೂಜೆ ಮುಗಿಯುವವರೆಗೆ ನಾನು ಮಗ್ಗದ ಪಕ್ಕ ಕೂತು ನನ್ನ ಜಪಮಾಲೆ ಮುಗಿಸುತ್ತಿದ್ದೆ. ನಮ್ಮ ಚಾಪೆಲ್ಲಿನಲ್ಲಿ ಹೇಳುವಾಗ ಅರ್ಧಕ್ಕೆ ತೂಕಡಿಸುವವಳು, ಅಲ್ಲಿ ಅವಳ ಗಂಡನ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಸದ್ದಿನಲ್ಲಿ ಒಂದು ಮಣಿಯೂ ತಪ್ಪದೆ ಹೇಳುತ್ತಿದ್ದೆ. ಆಮೇಲೆ ಅವಳು ಮೂರು ಗುಳಿಗೆ ನುಂಗಿ, ನಾಲಿಗೆ ಎತ್ತಿ ತೋರಿಸಿ, ಒಲೆಯ ಮುಂದೆ ಹೋಗುತ್ತಿದ್ದಳು. ಅರ್ಧ ಗಂಟೆ ಕಳೆದ ಮೇಲೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬರುತ್ತಿತ್ತು. ಬೇಡ ಎಂದರೆ ಬಿಡುವ ಮನೆಯಲ್ಲ. ಆ ಆರು ತಿಂಗಳಲ್ಲಿ ಅವಳ ಮೈಗೆ ಬರಬೇಕಾದ ತೂಕದಲ್ಲಿ ಅರ್ಧ ನನ್ನ ಮೈಗೆ ಬಂತು.

ಕೆಲಸ ಮಾತ್ರ ನನ್ನ ಕೈಗೆ ಹತ್ತಲಿಲ್ಲ. ಮೊದಲು ರಾಟೆಯಲ್ಲಿ ನೂಲು ಸುತ್ತಲು ಕೂರಿಸಿದರು. ಸುತ್ತಿದ್ದಕ್ಕಿಂತ ಹರಿದದ್ದೇ ಹೆಚ್ಚು. ಮಗಳು ನಗು ತಡೆದುಕೊಂಡು ಗಂಟು ಹಾಕಿ ಕೊಡುತ್ತಿದ್ದಳು. ಗಂಡ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ವಾರಕ್ಕೆ ಒಂದು ಮಾತು ಆಡುವ ಮನುಷ್ಯ. ನಾನು ಹಲ್ಲು ಕಚ್ಚಿ ಎಳೆಯೊಂದನ್ನು ಜಗ್ಗುತ್ತಿದ್ದಾಗ, ಜಗ್ಗಬ್ಯಾಡ್ರಿ, ಅದರ ಪಾಡಿಗೆ ಅದು ಬರುತ್ತದೆ ಎಂದರು. ಆ ವಾರದ ಮಾತು ಅಲ್ಲಿಗೆ ಮುಗಿಯಿತು. ಎಷ್ಟೋ ಗುರುಗಳ ಪ್ರವಚನ ಕೇಳಿದ್ದೇನೆ, ಇಷ್ಟು ಚಿಕ್ಕದು ಕೇಳಿರಲಿಲ್ಲ.

ಆಮೇಲೆ ಆಕೆ ನನ್ನನ್ನು ಕೊಂಡಿ ಹಾಕಲು ಕೂರಿಸಿಕೊಂಡಳು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ನೂಲನ್ನೂ ಸೆರಗಿನ ಕೆಂಪು ರೇಷ್ಮೆಯನ್ನೂ ಒಂದೊಂದೇ ಎಳೆಯಾಗಿ ಕೊಂಡಿಯಲ್ಲಿ ಕೊಂಡಿ ಸಿಕ್ಕಿಸಿ ಕೂಡಿಸಬೇಕು, ಆಮೇಲೆಯೇ ಮಗ್ಗಕ್ಕೆ ಏರುವುದು. ಅವಳ ಬೆರಳು ನೋಡುವಷ್ಟರಲ್ಲಿ ಹತ್ತು ಕೊಂಡಿ ಮುಗಿಸುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು ಒಂದನ್ನು ಹಾಕಿ ಉಸಿರು ಬಿಡುತ್ತಿದ್ದೆ. ನಾನು ಹೋದ ಮೇಲೆ ನಾನು ಹಾಕಿದ್ದನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತಾಳೆಂದು ಒಂದು ತಿಂಗಳ ಮೇಲೆ ಮಗಳು ಬಾಯಿಬಿಟ್ಟಳು. ನನಗೆ ಬೇಜಾರಾಗಲಿಲ್ಲ. ಮೂರನೆಯ ತಿಂಗಳು ಒಂದು ದಿನ ಬಿಚ್ಚದೆ ಹಾಗೇ ಬಿಟ್ಟಿದ್ದಳು. ಅಂದು ನಾನು ಹಾಡು ಹೇಳಿಕೊಂಡು ಸ್ಕೂಟರ್ ಓಡಿಸಿದೆ.

ಓಣಿಯಲ್ಲಿ ಮಾತು ಹುಟ್ಟದೆ ಇರಲಿಲ್ಲ. ಆದರೆ ಹುಟ್ಟಿದ್ದು ಬೇರೆ ಮಾತು. ಈ ವಯಸ್ಸಿನಲ್ಲಿ ಸಿಸ್ಟರ್ ಯಾಕೆ ಸೀರೆ ನೇಯಲು ಕಲಿಯುತ್ತಾಳೆ? ತನಗೇ ಇರಬೇಕು. ತನಗೆ ಇಳಕಲ್ ಸೀರೆ ಯಾಕೆ? ಬಿಳಿ ಬಿಡುತ್ತಾಳೆ. ಬಿಳಿ ಬಿಟ್ಟು ಏನು ಮಾಡುತ್ತಾಳೆ? ಲಗ್ನ ಆಗುತ್ತಾಳೆ. ತರಕಾರಿಯವಳು ಇದನ್ನು ನಮ್ಮ ಹಿರಿಯ ಸಿಸ್ಟರ್ ಕಿವಿಗೆ ಹಾಕಿದಳು. ಹಿರಿಯರೆಂದರೆ ಪದವಿಯಲ್ಲಿ, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ಊಟದ ಹೊತ್ತಿನಲ್ಲಿ ಗಂಭೀರವಾಗಿ, ವರ ಯಾವ ಊರಿನವರು ಎಂದು ಕೇಳಿದರು. ಮಗ್ಗದ ನೆಪ ಅವರಿಗೆ ಗೊತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆಯೇ ಇದೆ, ನಾನಿನ್ನೂ ಒಂದೇ ಹೇಳಿದ್ದೇನೆ ಎಂದೆ. ಅವರು ನಕ್ಕು ಅನ್ನ ಬಡಿಸಿದರು.

ನಾಲ್ಕನೆಯ ತಿಂಗಳಲ್ಲಿ ನಮ್ಮ ವರ್ಷದ ಧ್ಯಾನಕೂಟ ಬಂತು. ಎಂಟು ದಿನ ಬಾಗಲಕೋಟೆಯಲ್ಲಿ ಮೌನವಾಗಿ ಪ್ರಾರ್ಥನೆಯಲ್ಲಿ ಇರಬೇಕು. ಅಷ್ಟು ಹೊತ್ತಿಗೆ ಅವಳ ಕೆಮ್ಮು ನಿಂತು, ಕೆನ್ನೆ ತುಂಬಿತ್ತು. ನನಗೂ ನಂಬಿಕೆ ಬಂದಿತ್ತು. ಎಂಟು ದಿನದ ಗುಳಿಗೆ ಅವಳ ಕೈಗೆ ಕೊಟ್ಟು ಹೋದೆ. ವಾಪಸು ಬಂದ ಬೆಳಿಗ್ಗೆ ನೂಲಿನ ಉಂಡೆಗಾಗಿ ಗೂಡಿನಲ್ಲಿದ್ದ ಡಬ್ಬಿಗೆ ಕೈಹಾಕಿದೆ. ಡಬ್ಬಿಯ ತಳದಲ್ಲಿ ಗುಳಿಗೆಗಳಿದ್ದವು. ಎಣಿಸಿದೆ, ಇಪ್ಪತ್ತನಾಲ್ಕು. ನಾನು ಅಲ್ಲಿ ದೇವರ ಮುಂದೆ ಮಂಡಿಯೂರಿದ್ದ ಎಂಟು ದಿನವೂ ಆಕೆ ಒಂದನ್ನೂ ನುಂಗಿರಲಿಲ್ಲ.

ನಾನು ಹೊರಟ ದಿನವೇ ಬೀಗತಿ, ಅಂದರೆ ವರನ ತಾಯಿ, ಹುನಗುಂದದಿಂದ ಬಂದಿಳಿದಿದ್ದಳಂತೆ. ಸೊಸೆಯ ಸೀರೆಯ ಬಣ್ಣ, ಅಂಚಿನ ದಡಿ ತಾನೇ ಆರಿಸಬೇಕೆಂದು ಆರು ದಿನ ಉಳಿದಿದ್ದಳು. ಆ ಗುಳಿಗೆ ನುಂಗಿದರೆ ಉಚ್ಚೆ ಕೆಂಪಗಾಗುತ್ತದೆ, ಒಮ್ಮೊಮ್ಮೆ ಹೊಟ್ಟೆ ತೊಳಸುತ್ತದೆ. ಒಂದೇ ಬಚ್ಚಲಿನ ಮನೆ. ಬೀಗತಿಯ ಕಣ್ಣು ಹದ್ದಿನ ಕಣ್ಣೆಂದು ಹುನಗುಂದದಲ್ಲೆಲ್ಲ ಹೆಸರು. ಅದಕ್ಕೇ ಆಕೆ ಗುಳಿಗೆ ಬಿಟ್ಟಿದ್ದಳು. ಬೀಗತಿ ಹೋದ ಮೇಲೆ ಇನ್ನೆರಡು ದಿನ ಯಾಕೆ ಬಿಟ್ಟೆ ಎಂದರೆ ಕೊಂಡಿಯ ಎಳೆ ಕೈಗೆತ್ತಿಕೊಂಡಳು. ನನ್ನ ಸಿಟ್ಟು ನೆತ್ತಿಗೇರಿತು. ಈ ಸಲ ದನಿ ಏರಿಸಲಿಲ್ಲ, ಓಣಿಯ ಪಾಠ ಕಲಿತಿದ್ದೆ. ಆದರೆ ಪಿಸುಮಾತಿನಲ್ಲೂ ಮನುಷ್ಯರನ್ನು ಸುಡಬಹುದು. ನಿನಗೆ ಜೀವದ ಬೆಲೆ ಗೊತ್ತಿಲ್ಲ, ನನ್ನ ನಾಲ್ಕು ತಿಂಗಳನ್ನು ಹೊಳೆಯಲ್ಲಿ ಹಾಕಿದೆ ಎಂದೆಲ್ಲ ಅಂದೆ. ಆಕೆ ಕೊಂಡಿ ಹಾಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ನಿಮಗೊಬ್ಬ ಮಗಳಿದ್ದಿದ್ರ ತಿಳೀತಿತ್ರಿ ಅಕ್ಕಾರ," ಎಂದಳು.

ನಾನು ಎದ್ದು ಬಂದೆ. ಮಕ್ಕಳಿಲ್ಲ ಎಂಬುದು ನನಗೆ ಯಾವತ್ತೂ ಹೊರೆಯಾಗಿರಲಿಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗೊತ್ತಿದ್ದೇ ಬಿಟ್ಟದ್ದು. ಆದರೂ ಆ ಮಾತು ನೋಯಿಸಿತು. ಎರಡು ದಿನವಾದರೂ ಅಲ್ಲಿಗೆ ಕಾಲಿಡಬಾರದು, ಬುದ್ಧಿ ಬರಲಿ ಎಂದುಕೊಂಡೆ. ಆಮೇಲೆ ಯೋಚಿಸಿದರೆ ಆಕೆ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಅವಳ ಎದೆಯನ್ನಷ್ಟೇ ನೋಡುತ್ತಿದ್ದೆ. ಆಕೆ ಮಗಳ ಇಡೀ ಬದುಕನ್ನು ನೋಡುತ್ತಿದ್ದಳು. ಮರುದಿನ ಏಳಕ್ಕೆ ಹೋದೆ. ಪೂಜೆ ಮುಗಿಸಿ ಬಂದು ನಾನು ಕೇಳುವ ಮೊದಲೇ ಕೈ ಚಾಚಿದಳು. ನುಂಗಿ, ನಾಲಿಗೆ ಎತ್ತಿ ತೋರಿಸಿದಳು. ಅಂದು ರೊಟ್ಟಿಯ ಮೇಲೆ ಬೆಣ್ಣೆ ಇತ್ತು. ಅಲ್ಲಿಗೆ ನಮ್ಮಿಬ್ಬರ ರಾಜಿಯಾಯಿತು.

ಡಾಕ್ಟರು, ಪುಣ್ಯಕ್ಕೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟ ಎಂಟು ದಿನವನ್ನು ಕೊನೆಗೆ ಸೇರಿಸಿದರೆ ಸಾಕು ಎಂದರು. ಸೇರಿಸಿ ನೋಡಿದರೆ ಲಗ್ನಕ್ಕೆ ಎಂಟು ದಿನ ಮೊದಲು ಮುಗಿಯಬೇಕಾದದ್ದು ಸರಿಯಾಗಿ ಲಗ್ನದ ದಿನಕ್ಕೆ ಬಂದು ನಿಂತಿತು. ಕೊನೆಯ ಮೂರು ಗುಳಿಗೆ ಹುನಗುಂದದ ಕಲ್ಯಾಣ ಮಂಟಪದಲ್ಲಿ, ಬೀಗರ ನಡುವೆ ನುಂಗಬೇಕು. ಅದೊಂದನ್ನು ಮರುದಿನಕ್ಕೆ ಹಾಕಿಬಿಡಿ ಎಂದು ಆಕೆ ಕೈಮುಗಿದಳು. ಒಂದು ದಿನದಿಂದ ಪ್ರಳಯವಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಡಬ್ಬಿಯ ತಳದ ಇಪ್ಪತ್ತನಾಲ್ಕು ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಆಗುವುದಿಲ್ಲ ಎಂದೆ. ನನ್ನ ಹಟ ಹೆಚ್ಚಾಯಿತು ಎಂದು ಈಗ ನನಗೇ ಅನ್ನಿಸುತ್ತದೆ.

ಲಗ್ನದ ದಿನ ನಸುಕಿನಲ್ಲೇ ಹೊರಟ ಟೆಂಪೊದಲ್ಲಿ ನಾನೂ ಇದ್ದೆ, ಮಗ್ಗ ಕಲಿಯುವ ಸಿಸ್ಟರ್ ಎಂದು. ಮೊದಲೇ ಮಾತಾಡಿಕೊಂಡ ಹಾಗೆ, ತೆಂಗಿನಕಾಯಿ, ಬೆಲ್ಲ, ಬುಟ್ಟಿ ತುಂಬಿದ್ದ ಉಗ್ರಾಣದ ಕೋಣೆಯಲ್ಲಿ ನಾನು ನೀರಿನ ಚೊಂಬು ಹಿಡಿದು ಕಾದೆ. ಹೊರಗೆ ಬ್ಯಾಂಡಿನವರು ಊದುತ್ತಿದ್ದರು. ಯಾರಾದರೂ ಬಂದರೆ ಹೇಳಲು ಒಂದು ಸುಳ್ಳು ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಲಗ್ನದಲ್ಲಿ ಒಬ್ಬರೂ ಒಂದು ತೆಂಗಿನಕಾಯಿಗೂ ಒಳಗೆ ಬರಲಿಲ್ಲ. ಆಕೆ ಅಡಿಗೆಮನೆಯ ಕಡೆಯ ಬಾಗಿಲಿನಿಂದ ಬಂದಳು. ಹೊಸ ಸೀರೆ, ಹಣೆಯಲ್ಲಿ ಇನ್ನೂ ಹಸಿ ವಿಭೂತಿ. ಮೂರೂ ಗುಳಿಗೆ ಒಂದೇ ಸಲ ನುಂಗಿದಳು. ನಾಲಿಗೆ ತೋರಿಸಲು ಹೋಗಿ ಇಬ್ಬರಿಗೂ ನಗು ಬಂತು. ಮುಗೀತಲ್ರಿ ಎಂದು ನನ್ನ ಕೈ ಹಿಚುಕಿ, ಬಂದ ದಾರಿಯಲ್ಲೇ ಓಡಿದಳು.

ನಾನು ಕಣ್ಣೊರೆಸಿಕೊಂಡು ಮುಂದಿನ ಬಾಗಿಲು ತೆರೆದೆ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಬೀಗತಿ ಕೂತಿದ್ದಳು. ಯಾರೋ ಹುಡುಗಿ ಬುಟ್ಟಿ ಬೇಕೆಂದು ನಿಂತಿದ್ದಳು. ಒಳಗೆ ಹೆಂಗಸರು ಸೀರೆ ಉಡುತ್ತಿದ್ದಾರೆ, ಆಮೇಲೆ ಬಾ ಎಂದು ಅವಳನ್ನು ಸಾಗಹಾಕಿದಳು. ಆಮೇಲೆ ನನ್ನನ್ನು ನೋಡಿ ಆಯಿತೇ ಎಂದು ಕೇಳಿದಳು. ಯಾವುದು ಎಂದೆ.

"ನೀವು ಚೊಂಬು ಹಿಡದು ಒಳಗ ಹೋಗೂದು ನೋಡಿದೆ. ನನಗ ಗೊತ್ತೈತ್ರಿ," ಎಂದಳು ಮೆಲ್ಲಗೆ. "ಅವರ ಮನಿಗೆ ಹೋದ ದಿನಾನ ಬಚ್ಚಲದಾಗ ನೋಡಿ ತಿಳಕೊಂಡೆ, ಹಿಂದಿನ ದಿನದ ಗುಳಿಗಿ ಕೆಂಪು ಇನ್ನೂ ಹೋಗಿರಲಿಲ್ಲ. ಆ ಕೆಂಪು ನಾ ಹ್ಯಾಂಗ ಮರೀಲಿ? ಲಗ್ನಕ್ಕ ಮೊದಲ ನಾನೂ ಅಂಥಾ ಗುಳಿಗಿ ನುಂಗಿದಾಕಿ."

ಬಾದಾಮಿ ಕಡೆಯ ಹಳ್ಳಿ ಅವಳ ತವರು. ಅಲ್ಲಿಗೂ ನನ್ನಂತೆ ಬಿಳಿ ಸೀರೆ ಉಟ್ಟ ಒಬ್ಬರು ದಿನಾ ಬರುತ್ತಿದ್ದರಂತೆ, ಮಜ್ಜಿಗೆ ಕುಡಿಯಲು ಬಂದೆ ಎಂದು ಹೇಳಿಕೊಂಡು. ಆರು ತಿಂಗಳು ಅವರಷ್ಟು ಮಜ್ಜಿಗೆ ಕುಡಿದವರನ್ನು ಊರು ಕಂಡಿರಲಿಲ್ಲ ಎಂದು ನಕ್ಕಳು. ಇದು ನಿಮ್ಮ ಮನೆಯವರಿಗೆ ಗೊತ್ತೇ ಎಂದು ಕೇಳಿದೆ. ಗಂಡನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂದಳು. ಮೂವತ್ತು ವರ್ಷದಲ್ಲಿ ಬಾಯಿ ಬಿಟ್ಟು ಹೇಳುತ್ತಿರುವುದು ಇದೇ ಮೊದಲಂತೆ. ನನಗೆ ಅಡಿಗೆಮನೆಯ ಕಡೆ ಓಡಿಹೋಗಿ ಆಕೆಯನ್ನು ಎಳೆತಂದು ಇವಳ ಮುಂದೆ ನಿಲ್ಲಿಸಬೇಕು ಅನ್ನಿಸಿತು. ಆರು ತಿಂಗಳು ಅವಳು ಹೆದರಿದ್ದು ಇವಳಿಗೆ. ಹೇಳಿಬಿಡಲೇ, ಅವಳ ಎದೆ ಹಗುರಾಗುತ್ತದೆ ಎಂದು ಕೇಳಿದೆ.

"ಬ್ಯಾಡ್ರಿ," ಎಂದಳು ಬೀಗತಿ. "ಅಷ್ಟು ಕಷ್ಟಪಟ್ಟು ಮುಚ್ಚಿಟ್ಟು ಮಗಳ ಲಗ್ನ ಮಾಡ್ಯಾಳ. ನನಗ ಗೊತ್ತಿತ್ತು ಅಂದ್ರ ನಾಳಿಂದ ನನ್ನ ಮುಂದ ತಲಿ ಎತ್ತಿ ನಿಂದ್ರಾಂಗಿಲ್ಲ ಆಕಿ. ಇಬ್ರೂ ತಲಿ ಎತ್ತಿ ಇರ್ತೀವಿ, ಬಿಡ್ರಿ."

ಕುರ್ಚಿ ಸರಿಸಿ ಎದ್ದು, ಅಕ್ಷತೆಗೆ ಹೊತ್ತಾಯಿತು ಎಂದು ಹೋದಳು. ಅಕ್ಷತೆ ಬಿದ್ದಾಗ ಇಬ್ಬರು ತಾಯಂದಿರೂ ಅಕ್ಕಪಕ್ಕ ನಿಂತಿದ್ದರು. ನಾನು ಹಿಂದೆ ನಿಂತು ಎಲ್ಲರಿಗಿಂತ ಹೆಚ್ಚು ಅತ್ತೆ. ಸಿಸ್ಟರಿಗೆ ತನ್ನ ಲಗ್ನದ ನೆನಪಾಯಿತು ಎಂದು ಓಣಿಯ ಹೆಂಗಸರು ಕಿಸಕ್ಕನೆ ನಕ್ಕರು. ನಗಲಿ ಎಂದುಕೊಂಡೆ.

ಸಂಜೆ ಮಗಳನ್ನು ಬಿಟ್ಟು ಟೆಂಪೊದಲ್ಲಿ ಇಳಕಲ್ಲಿಗೆ ಹೊರಟೆವು. ಎಲ್ಲರೂ ದಣಿದು ಕುಳಿತಲ್ಲೇ ತೂಕಡಿಸುತ್ತಿದ್ದರು. ಆಕೆ ನನ್ನ ಪಕ್ಕ ಬಂದು ಕೂತಳು. ಅತ್ತು ಅತ್ತು ಕಣ್ಣು ಊದಿತ್ತು, ಆದರೆ ಮುಖ ಲಕಲಕ ಅನ್ನುತ್ತಿತ್ತು. ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಯಾರಿಗೂ ಗೊತ್ತಾಗಲಿಲ್ಲ ನೋಡ್ರಿ ಅಕ್ಕಾರ. ಬೀಗತಿ ಭಾಳ ಶ್ಯಾಣ್ಯಾಕಿ ಅಂತಿದ್ರು ಎಲ್ಲಾರೂ. ಆಕಿಗೂ ಗೊತ್ತಾಗಲಿಲ್ಲ."

"ಇಲ್ಲವ್ವ," ಎಂದೆ ನಾನು, ಅವರ ಮಾತಿನಲ್ಲೇ. "ಆಕಿಗೂ ಗೊತ್ತಾಗಲಿಲ್ಲ."